ಕಾಟಾ ಕೋಣೆಯ ಕಾರ್ಡ್ ರೀಡರ್

ಜಗನ್ನಾಥ, ಆ ದಿನ ಕಾಟಾ ಕೋಣೆಯ ಕಂಪ್ಯೂಟರ್ ಕೆಡಿಸಿದವನು ನಾನು. ನಿಮ್ಮ ಬಲಗಣ್ಣು ಹೋದದ್ದು ನನ್ನಿಂದ. ಆರು ವರ್ಷ ಇದನ್ನು ಬಚ್ಚಿಟ್ಟೆ.

ಹುಮನಾಬಾದಿನ ಹೊರಗೆ, ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಆ ಖಾಸಗಿ ಕಾಟಾದಲ್ಲಿ ನೀವು ಆಪರೇಟರ್. ತೂಕದಲ್ಲಿ ಮೋಸವಿದೆ ಎಂಬ ದೂರಿನ ಬಗ್ಗೆ ಪತ್ರಿಕೆಗೆ ವರದಿ ಮಾಡಲು ಬಂದವನು ನಾನು. ಕ್ಯಾಮೆರಾದಲ್ಲಿದ್ದ ಫೋಟೊ ಕಳಿಸಬೇಕಿತ್ತು. ನಿಮ್ಮ ಕಂಪ್ಯೂಟರಿಗೆ ಕಾರ್ಡ್ ರೀಡರ್ ಹಚ್ಚಲೇ ಎಂದು ಕೇಳಿದೆ.

“ಬ್ಯಾಡ್ರಿ ಸರ್. ಮುದಿ ಮಷಿನ್ ಅದ, ಹೊಸ ಬೀಗರು ಬಂದ್ರ ಮಕ್ಕೊಂಡಬಿಡ್ತದ” ಎಂದು ನಕ್ಕಿರಿ.

ಟ್ರ್ಯಾಕ್ಟರ್ ಸರಿಯಾಗಿ ನಿಲ್ಲಿಸಲು ನೀವು ಹೊರಗೆ ಹೋದಿರಿ. ನಾನು ಹಚ್ಚಿದೆ. ಪರದೆ ನೀಲಿಯಾಯಿತು, ತೂಕದ ಅಂಕಿ ಮಾಯ. ನೀವು ಒಳಗೆ ಬರುವಷ್ಟರಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡೆ. ಆಗಲೇ ಹೇಳಿದ್ದರೆ —

“ಕಾಟಾ ಬಂದ್ ಮಾಡಿ ತೂಕ ನುಂಗ್ಯಾನ! ಎಳೀರಿ ಹೊರಗ ಆ ಮಗಂಗ!”

ಸರದಿಯಲ್ಲಿ ಕಾದಿದ್ದ ಕಬ್ಬಿನ ರೈತರು ನುಗ್ಗಿ, ನಿಮ್ಮ ಕಾಲರ್ ಹಿಡಿದು ಎಳೆದರು. ಹೊಸ್ತಿಲಿಗೆ ಬಡಿದು ನಿಮ್ಮ ಹಲ್ಲು ಮುರಿಯಿತು. ಕಬ್ಬಿನ ಜಲ್ಲೆ ಸೀಳುವವರೆಗೆ ಹೊಡೆದರು. ಆಮೇಲೆ ಟ್ರಾಲಿಯ ಕಬ್ಬಿಣದ ಪಿನ್ನು ಬಂತು. ಮೊದಲ ಏಟು ಹೆಗಲಿಗೆ. ಎರಡನೆಯದು ಕಣ್ಣಿಗೆ. “ನಾ ಏನೂ ಮಾಡಿಲ್ರೀ, ಸರ್ ಅವ್ರಿಗಿ ಕೇಳ್ರಿ” ಎಂದು ನನ್ನತ್ತ ಕೈಚಾಚಿದಿರಿ. ನಾನು ಫೋಟೊ ತೆಗೆಯುತ್ತಿದ್ದೆ. ಯಾರು ಹೊಡೆದರು, ರಕ್ತ ಎಲ್ಲಿ ಬಿತ್ತು, ಎಷ್ಟು ಹೊತ್ತು — ಎಲ್ಲ ಬರೆದುಕೊಂಡೆ. ವರದಿಯಲ್ಲಿ ಒಂದೂ ತಪ್ಪಿರಲಿಲ್ಲ. ಒಂದು ಸಂಗತಿ ಇರಲಿಲ್ಲ.

ಮೂರನೆಯ ದಿನ ಕಾಟಾದ ಮಾಲೀಕರು ಆ ಕಂಪ್ಯೂಟರಿನ ಡಿಸ್ಕನ್ನು ಬಸವಕಲ್ಯಾಣದ ರಿಪೇರಿ ಅಂಗಡಿಗೆ, ಖಲೀಲ್ ಭಾಯಿಯ ಬಳಿಗೆ ಒಯ್ದರು. ಪತ್ರಿಕೆಯವರು ಸಾಕ್ಷಿಗಿರಲಿ ಎಂದು ನನ್ನನ್ನೇ ಕರೆದರು. ಓದಲು ಮಾತ್ರ ಬರುವ, ಬರೆಯಲು ಬಾರದ ಹಾಗೆ ಡಿಸ್ಕನ್ನು ಜೋಡಿಸಿ ಖಲೀಲ್ ಭಾಯಿ ಹೇಳಿದರು: “ಇದರಾಗ ಈಗ ನನಗೂ ಒಂದ ಅಕ್ಷರ ತುರುಕಾಕ ಬರಂಗಿಲ್ರಿ.” ಕಂಪ್ಯೂಟರು ಕುಸಿಯುವ ಗಳಿಗೆಯಲ್ಲಿ ತನ್ನ ನೆನಪಿನಲ್ಲಿದ್ದುದನ್ನೆಲ್ಲ ಒಂದು ಕಡತಕ್ಕೆ ಸುರಿದು ಸಾಯುತ್ತದಂತೆ — ಕ್ರ್ಯಾಶ್ ಡಂಪ್. ಮಧ್ಯಾಹ್ನವಿಡೀ ಕೂತು ಅದನ್ನು ಹೊರತೆಗೆದರು.

“ನೋಡ್ರಿ, ಯಾರೋ ಕಾರ್ಡ್ ರೀಡರ್ ಹಚ್ಚ್ಯಾರ. ಹಚ್ಚಿದ ಕೂಡ್ಲೆ ಸತ್ತದ. ಅದರ ನಂಬರೂ ಇಲ್ಲೇ ಅದ.”

ಮಾಲೀಕರು ನನ್ನತ್ತ ತಿರುಗಿದರು. “ಆಗ ಖೋಲ್ಯಾಗ ಯಾರಿದ್ರು?”

“ಜಗನ್ನಾಥ ಒಬ್ಬನ ಇದ್ದನ್ರಿ” ಎಂದೆ.

ಅಂಜಿದೆ. ಇದಕ್ಕೆ ಬೇರೆ ಹೆಸರಿಲ್ಲ. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗಲೇ ನಿಮ್ಮ ಕೆಲಸ ಹೋಯಿತು. ಕಳ್ಳನಿಗೆ ಹೊಡೆದೆವು, ಅದರಲ್ಲೇನು ಎಂದು ಹೊಡೆದವರು ಎದೆಯುಬ್ಬಿಸಿ ತಿರುಗಿದರು.

ಹೋದ ವಾರ ಹುಡಗಿ ಗ್ರಾಮದ ಬಸ್ ನಿಲ್ದಾಣದಲ್ಲಿ ನೀವು ಕತ್ತನ್ನು ಪೂರ್ತಿ ಹೊರಳಿಸಿ, ಎಡಗಣ್ಣಿನಿಂದ ನನ್ನ ಗುರುತು ಹಿಡಿದಿರಿ. “ಆರಾಮ ಇದ್ದೀರೇನ್ರಿ ಸರ್? ಅವತ್ತ ಅಷ್ಟು ಮಂದ್ಯಾಗ ನೀವೊಬ್ರೇ ನನ್ನ ಮ್ಯಾಲ ಕೈ ಎತ್ತಲಿಲ್ಲ ನೋಡ್ರಿ.”

ನಾನು ಬಸ್ಸು ಹತ್ತಿದೆ.

ಆ ಕಾರ್ಡ್ ರೀಡರ್ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಕಡತದ ಪ್ರತಿ ಖಲೀಲ್ ಭಾಯಿಯ ಬಳಿ ಇದೆ. ನಾಳೆ ಬೆಳಿಗ್ಗೆ ಮಾಲೀಕರನ್ನು ಕರೆದುಕೊಂಡು ಬಸವಕಲ್ಯಾಣಕ್ಕೆ ಹೋಗಿ, ಅವರ ಎದುರಲ್ಲೇ ನಂಬರು ತಾಳೆ ನೋಡಿಸುತ್ತೇನೆ; ಅಲ್ಲಿಂದ ಹುಮನಾಬಾದ್ ಠಾಣೆಗೆ, ಆಮೇಲೆ ನಿಮ್ಮ ಬಾಗಿಲಿಗೆ. ನಂಬರು ಹೊಂದುತ್ತದೆ. ಖಲೀಲ್ ಭಾಯಿ ಅದನ್ನು ತೋರಿಸಿದ ದಿನ ಸಂಜೆಯೇ ಮನೆಗೆ ಬಂದು ನೋಡಿದ್ದೆ.