ಸ್ಟ್ರೆಚರ್ ತಳ್ಳುತ್ತಿದ್ದ ದಾರಿಯಕ್ಕನ ವಿಜ್ಞಾನ

ಅವಳ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ನಮ್ಮ ಯಜಮಾನರಿಂದ. ಆಸ್ಪತ್ರೆಯ ಗೇಟು ಕಾಯುತ್ತಿದ್ದ ಅವರು ಆ ಸಂಜೆ ಚಪ್ಪಲಿ ಬಿಡುವ ಮೊದಲೇ ನಗಲು ಶುರು ಮಾಡಿದರು.

"ಲೇ, ಸ್ಟ್ರೆಚರ್ ತಳ್ಳೋಕೆ ಹೊಸಬಳೊಬ್ಬಳು ಬಂದಿದಾಳೆ. 'ದಾರಿ, ದಾರಿ!' ಅಂತ ಕೂಗಿದ ರಭಸಕ್ಕೆ ದೊಡ್ಡ ಡಾಕ್ಟರೇ ಗೋಡೆಗೆ ಅಂಟಿಕೊಂಡ್ರು!"

ವಾರದೊಳಗೆ ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿ ಅವಳು ದಾರಿಯಕ್ಕ ಆದಳು. ಯಜಮಾನರನ್ನು ಅಣ್ಣ ಎಂದದ್ದರಿಂದ ನಾನು ಅತ್ತಿಗೆಯಾದೆ. ನನ್ನ ಕೆಲಸ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಅಲ್ಲಿಗೆ ಬಂದು, ಮಡಿಸಿಟ್ಟ ಬೆಚ್ಚನೆಯ ಹಾಸುಗಳಿಗೆ ಬೆನ್ನು ಕೊಟ್ಟು, ವಿಜ್ಞಾನದ ಪುಸ್ತಕ ತೆರೆಯುತ್ತಿದ್ದಳು. ಹತ್ತನೇ ಕ್ಲಾಸು ಪಾಸಾದವರಿಗಷ್ಟೇ ಕಾಯಂ ನೌಕರಿ. ಉಳಿದ ವಿಷಯಗಳೆಲ್ಲ ಮುಗಿದಿದ್ದವು, ವಿಜ್ಞಾನ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಈ ಸಲವೂ ಹೋದರೆ ನೌಕರಿಯ ವಯಸ್ಸು ಮೀರುತ್ತಿತ್ತು. ಮತ್ತೆ ಸಾಯುವ ತನಕ ದಿನಗೂಲಿಯೇ ಗತಿ.

ಅವಳಿಗೆ ಕಬ್ಬಿಣದ ಕಡಲೆಯಾಗಿದ್ದದ್ದು ಬಲ, ದ್ರವ್ಯರಾಶಿ, ತೂಕದ ಪಾಠ.

"ದ್ರವ್ಯರಾಶಿ, ತೂಕ ಎರಡೂ ಒಂದೇ ಅಲ್ವಾ ಅತ್ತಿಗೆ? ಚಂದ್ರನ ಮೇಲೆ ಹೋದ್ರೆ ತೂಕ ಆರರಲ್ಲಿ ಒಂದು ಪಾಲಾಗುತ್ತಂತೆ, ದ್ರವ್ಯರಾಶಿ ಮಾತ್ರ ಹಂಗೇ ಇರುತ್ತಂತೆ. ಹಂಗೇ ಇರೋದು ಏನು ಮತ್ತೆ, ಮಣ್ಣು?"

"ನನ್ನನ್ನ ಕೇಳ್ತೀಯಲ್ಲೇ, ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವಳನ್ನ!"

ಪರೀಕ್ಷೆಗೆ ಮೂರು ದಿನ ಉಳಿದಿದ್ದಾಗ ಅವಳು ಪುಸ್ತಕ ಮುಚ್ಚಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಗ ನಾನು ಈಗಿನ ಹಾಗೆ ಕಡ್ಡಿಯಲ್ಲ, ತುಂಬಿದ ಮೈ.

"ಅತ್ತಿಗೆ, ಸ್ಟ್ರೆಚರ್ ಮೇಲೆ ಮಲಗಿ."

"ಬಿಡ್ತು ಅನ್ನೇ! ಗಟ್ಟಿಮುಟ್ಟಾಗಿದೀನಿ ಕಣೇ."

"ಅದಕ್ಕೇ ನೀವು ಬೇಕಾಗಿರೋದು."

ಮೊದಲು ನನ್ನ ಕಂಕುಳಿಗೆ ಕೈಹಾಕಿ ಎತ್ತಲು ನೋಡಿದಳು. ನೆಲ ಬಿಟ್ಟು ಒಂದು ಬೆರಳಷ್ಟೂ ಮೇಲೇಳಲಿಲ್ಲ ನಾನು. "ಅಣ್ಣ ಏನು ತಿನ್ನಿಸ್ತಾರೋ ನಿಮಗೆ! ಸರಿ, ಇದು ತೂಕ. ಈಗ ನೀವೇ ಹತ್ತಿ" ಎಂದಳು. ದೇವರೇ ಎಂದು ಹತ್ತಿ ಮಲಗಿದೆ.

ಕೋಣೆಯ ಹೊರಗಿನ ಉದ್ದನೆಯ ಕಾರಿಡಾರು ಖಾಲಿಯಿತ್ತು. ಚಕ್ರಗಳಿಗೆ ಅವಳೇ ಎಣ್ಣೆ ಬಿಟ್ಟಿದ್ದಳು. ಆದರೂ ಅವಳು ತಳ್ಳಿದಾಗ ಗಾಡಿ ಒಲ್ಲೆ ಒಲ್ಲೆ ಎನ್ನುತ್ತ ಹೊರಟಿತು. ವೇಗ ಹಿಡಿದ ಮೇಲೆ ನಿಲ್ಲಿಸಲು ಹೋದರೆ ಅವಳನ್ನೂ ಎಳೆದುಕೊಂಡು ಹೋಗಿ ಗೋಡೆಗೆ ದಡ್ ಎಂದು ಗುದ್ದಿತು. ನನ್ನನ್ನು ಇಳಿಸಿ ಖಾಲಿ ಗಾಡಿ ತಳ್ಳಿ ನೋಡಿದಳು. ಒಂದೇ ಕೈಗೆ ಹೊರಟಿತು, ಒಂದೇ ಕೈಗೆ ನಿಂತಿತು.

"ಅತ್ತಿಗೆ! ನಿಮ್ಮ ತೂಕನ ಚಕ್ರ ಹೊತ್ಕೊಂಡಿತ್ತು, ನಾನಲ್ಲ. ಆದ್ರೂ ನೀವು ಹೊರಡಲ್ಲ ಅಂದ್ರಿ, ಹೊರಟ್ಮೇಲೆ ನಿಲ್ಲಲ್ಲ ಅಂದ್ರಿ. ಆ ಹಟ ಎಷ್ಟಿದೆಯೋ ಅಷ್ಟು ದ್ರವ್ಯರಾಶಿ! ಚಂದ್ರನ ಮೇಲೆ ನಿಮ್ಮನ್ನ ಮಗು ಥರ ಎತ್ಕೋಬಹುದು. ಗಾಡಿ ಮಾತ್ರ ಅಲ್ಲೂ ಹಿಂಗೇ ಗುದ್ದುತ್ತೆ!"

ಸದ್ದು ಕೇಳಿ ಹಿರಿಯ ನರ್ಸಮ್ಮ ಬಂದರು. "ಏನಿದು ಗಲಾಟೆ?"

"ಪರೀಕ್ಷೆಗೆ ಓದ್ತಿದೀವಿ, ಸಿಸ್ಟರ್" ಎಂದಳು ದಾರಿಯಕ್ಕ, ತಲೆ ತಗ್ಗಿಸಿ.

ಅವರು ಗೋಡೆಯಿಂದ ಉದುರಿದ ಸುಣ್ಣವನ್ನು ನೋಡಿದರು, ನನ್ನನ್ನು ನೋಡಿದರು. "ಇಷ್ಟು ದಪ್ಪ ಪುಸ್ತಕ ಬೇಕಿತ್ತಾ?" ಎಂದು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಟುಹೋದರು.

ಮೂವತ್ತೆಂಟು ಅಂಕ ಬಂತು, ಪಾಸು. ಅದೇ ಕಾರಿಡಾರಿನಲ್ಲಿ ನನ್ನನ್ನು ತಬ್ಬಿಕೊಂಡು ಅತ್ತಳು. ಕಾಯಂ ನೌಕರಿಯೂ ಬಂತು, ಆದರೆ ದೂರದೂರಿನ ಆಸ್ಪತ್ರೆಗೆ. ಅದನ್ನು ನಾವಿಬ್ಬರೂ ಎಣಿಸಿರಲಿಲ್ಲ. ಈಗ ಯಜಮಾನರಿಲ್ಲ, ಆ ಕೋಣೆಯನ್ನೂ ಕೆಡವಿದ್ದಾರಂತೆ. ಅವಳನ್ನು ನಾನು ಮತ್ತೆ ಕಾಣಲಿಲ್ಲ. ಹೋದ ವರ್ಷ ಅವಳು ತೀರಿಕೊಂಡ ಸುದ್ದಿ ಮಾತ್ರ ಬಂತು.

ಬೀಳ್ಕೊಡಲು ಹೋದ ದಿನ ಬಸ್ಸಿನ ಕಿಟಕಿಯ ಸರಳುಗಳ ನಡುವೆ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಡ್ರೈವರ್ ಬಂದು ಕೂತ ಮೇಲೆ ಸರಳಿಗೆ ಮುಖ ಒತ್ತಿ ಹೇಳಿದಳು:

"ಪರೀಕ್ಷೇಲಿ ಒಂದು ಪ್ರಶ್ನೆಗೆ ಬಾಯಿಪಾಠ ಮಾಡಿ ಬರೆದುಬಿಟ್ಟೆ ಅತ್ತಿಗೆ. ಭೂಮಿ ನಮ್ಮನ್ನ ಎಷ್ಟು ಎಳೆಯುತ್ತೋ ನಾವೂ ಅದನ್ನ ಅಷ್ಟೇ ಎಳೀತೀವಂತೆ. ಅಷ್ಟೇ ಅಂತೆ, ಒಂಚೂರೂ ಕಮ್ಮಿ ಇಲ್ಲ. ನಿಮಗೆ ನಂಬಿಕೆ ಬರುತ್ತಾ?"