ಉಡಿಯಲ್ಲಿ ಬಂದ ನವಣೆ

ಎಲ್ಲ ಹೊಲಕ್ಕೂ ಭತ್ತವನ್ನೇ ಬಿತ್ತಿರೆಂದು ಉಪದೇಶಿಸಿದವರು ಅಧಿಕಾರಿಗಳು. ನೀರಿಲ್ಲದ, ಕಲ್ಲುದಿಣ್ಣೆಯ ಮರಡಿ ಹೊಲದಲ್ಲಿ ಅದು ಒಣಗಿದಾಗ ಬರಿದಾದ ಬೀಜದ ಮಡಕೆಯ ಮುಂದೆ ಕುಳಿತವರು ಹೆಂಗಸರು. ಹೊನ್ನಾಳಿ ಸೀಮೆಯ ನನ್ನ ಅತ್ತೆ ಅವರಲ್ಲೊಬ್ಬರು. ಅವರ ಮನೆಯ ನವಣೆ ಬೀಜ ಹೀಗೆಯೇ ನಿರ್ವಂಶವಾಗಿತ್ತು. ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ಜಗಳೂರಿನ ನಮ್ಮ ಮನೆಗೆ ಹೆಣ್ಣು ಕೇಳಲು ಬಂದವರು ಬಂಗಾರದ ಮಾತೆತ್ತಲಿಲ್ಲ. "ಉಡಿಗೆ ಅಕ್ಕಿ ಬ್ಯಾಡ್ರಿ, ಬಿತ್ತಾಕೆ ಬರೋ ನವಣೆ ಹಾಕ್ರಿ," ಎಂದರು.

ಮದುವೆಯಾಗಿ ಹೊರಟ ದಿನ ಅವ್ವ ಹೊಟ್ಟು ಬಿಡಿಸದ ನವಣೆಯನ್ನು ನನ್ನ ಸೆರಗಿಗೆ ಸುರಿದು ಗಂಟು ಹಾಕಿದಳು. ಹೊನ್ನಾಳಿಯ ಹಾದಿಯಲ್ಲಿ ತಪಾಸಣೆಯ ನಾಕಾದ ಕಾವಲಿನವನು ಬಸ್ಸು ನಿಲ್ಲಿಸಿದ. ಪರವಾನಗಿ ಇಲ್ಲದೆ ಅಕ್ಕಿಯಾಗಲಿ ಬೇರೆ ಧಾನ್ಯವಾಗಲಿ ಸಾಗಿಸಿದರೆ ಆಗ ಜಪ್ತಿ.

"ಸೆರಗಿನಾಗೆ ಏನೈತ್ರೀ?"

"ಉಡಕ್ಕಿ," ಎಂದೆ. ಒಳಗೆ ಯಾವ ಕಾಳೇ ಇರಲಿ, ಮದುಮಗಳ ಉಡಿಗೆ ತುಂಬಿದ್ದನ್ನು ನಾವು ಹಾಗೆಯೇ ಕರೆಯುವುದು. ಅವನಿಗೆ ಕೇಳಿಸಿದ್ದು ಅಕ್ಕಿ ಮಾತ್ರ.

"ಬಿಚ್ಚಿ ಇಲ್ಲಿ ಸುರೀರಿ."

ಅತ್ತೆ ಎದ್ದರು. "ಮನೆದೇವ್ರ ಮುಂದೆ ಬಿಚ್ಚೋ ಉಡಿ ಇದು. ನೀನೇನು ನಮ್ಮ ಮನೆದೇವ್ರೇನಪ್ಪಾ? ಹಂಗಿದ್ರೆ ಮೊದ್ಲು ಜಳಕ ಮಾಡ್ಕಂಡು ಬಾ!"

ಬಸ್ಸಿಗೆ ಬಸ್ಸೇ ನಕ್ಕಿತು. ಕಾವಲಿನವನು ತಗ್ಗಿದ. "ಒಂದು ಚಿಟಿಕೆ ತೋರಿಸ್ರಿ, ಸಾಕು."

ಗಂಟಿನ ಸಂದಿನಿಂದ ತೆಗೆದುಕೊಟ್ಟೆ. ಅಂಗೈಯಲ್ಲಿ ಹೊರಳಿಸಿ ನೋಡಿದ. "ಅಯ್ಯ, ನವಣೆ! ಇದು ಹಕ್ಕಿ ತಿನ್ನೋದು, ಧಾನ್ಯಾನೇ ಅಲ್ಲ. ಹೋಗ್ರಿ, ಹೋಗ್ರಿ."

ಅವಮಾನವನ್ನು ಸಹಿಸುವುದು ನಾನು ಓದಿದ ಶಾಲೆ ಕಲಿಸಿದ ವಿದ್ಯೆಯಲ್ಲ. "ಧಾನ್ಯವಲ್ಲವೇ? ಸಾವಿರಾರು ವರ್ಷಗಳ ಹಿಂದೆ ಚೀನಾದ ನದೀಬಯಲಿನಲ್ಲಿ..." ಎಂದು ಆರಂಭಿಸಿದೆ. ಅತ್ತೆ ತೊಡೆ ಚಿವುಟಿದರು.

"ಸುಮ್ಕಿರವ್ವಾ! ಧಾನ್ಯ ಅಂತ ನೀನು ಸಾಧಿಸಿದ್ರೆ ಅವನು ಗಂಟು ಇಳಿಸ್ಕಂತಾನೆ."

ವಾದವನ್ನು ನುಂಗಿ ಗೆದ್ದ ನನ್ನ ಏಕೈಕ ಹೋರಾಟವದು.

ಆ ಮುಂಗಾರಿನಲ್ಲಿ ಮರಡಿ ಹೊಲದ ತುಂಬ ತೆನೆ ಬಾಗಿತು. ಮರುವರ್ಷ ನಾದಿನಿ ಮದುವೆಯಾಗಿ ನ್ಯಾಮತಿಗೆ ಹೊರಟಾಗ ಅವಳ ಉಡಿಗೂ ಅದನ್ನೇ ತುಂಬಿದೆವು. ಗಂಟು ಬಿಗಿಯುತ್ತಿದ್ದಂತೆ ನನಗೆ ಪಾಠದ ಒಂದು ಸಾಲು ನೆನಪಾಯಿತು: ಧಾನ್ಯಗಳನ್ನು ದೇಶದಿಂದ ದೇಶಕ್ಕೆ ಒಯ್ದವರು ವರ್ತಕರು ಮತ್ತು ಅರಸರು. ಎಂಥ ಅನ್ಯಾಯದ ಸಾಲು! ಚೀನಾದಿಂದ ಜಗಳೂರಿನವರೆಗೆ ಎಷ್ಟು ಸೆರಗುಗಳು ಈ ಕಾಳನ್ನು ಹೊತ್ತಿದ್ದವೋ, ಬರೆದವರು ಕೇಳಲೇ ಇಲ್ಲ.

ಭತ್ತವನ್ನೇ ಬಿತ್ತಿರೆಂದ ಅಧಿಕಾರಿಗಳೇ, ಮುಂದಿನ ಮುಂಗಾರಿನೊಳಗೆ ಹೊನ್ನಾಳಿಯ ಬೀಜದ ಮಳಿಗೆಯಲ್ಲಿ ಭತ್ತದ ಪಕ್ಕದಲ್ಲೇ ನವಣೆ ಬೀಜದ ಚೀಲವನ್ನೂ ಇಡಿಸಿರಿ. ಅದರ ಮೇಲೆ 'ಧಾನ್ಯ' ಎಂದು ದಪ್ಪ ಅಕ್ಷರಗಳಲ್ಲಿ ಬರೆಯಿಸಿರಿ.