ಹೆಜ್ಜೆಗೊಬ್ಬ ಗೆಳೆಯ

ಸುರಪುರದ ಬಜಾರದಲ್ಲಿ ನನ್ನ ಗಂಡನಷ್ಟು ಜನಾನುರಾಗಿ ಇನ್ನೊಬ್ಬರಿರಲಿಲ್ಲ. ನಿವೃತ್ತ ಮಾಸ್ತರರು. ತರಕಾರಿಗೆಂದು ಹೊರಟರೆ ಟೇಲರ್ ಅಂಗಡಿ ಮುಂದೆ ನಿಲ್ಲುವುದು, ಪಾನ್ ಅಂಗಡಿ ಮುಂದೆ ನಿಲ್ಲುವುದು, ಬಳೆ ಮಾರುವವಳ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸುವುದು. ಮನೆಯಲ್ಲಿ ನಾನು ಹತ್ತು ಮಾತಾಡಿದರೆ ಒಂದು 'ಹೂಂ'. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಮ್ಮ ಮನೆ ನೋಡಿಯೇ ಕಟ್ಟಿರಬೇಕು.

ನಿಂತಲ್ಲೆಲ್ಲ ಚಹಾ. ಮನೆಯಲ್ಲಿ ಮಾತ್ರ, "ನನಗ ಶುಗರ್ ಅದ, ಸಕ್ರಿ ಹಾಕಬ್ಯಾಡ" ಎಂಬ ವೈರಾಗ್ಯ. ಟೇಲರ್ ಚಾಚಾ, "ಬರ್ರಿ ಮಾಸ್ತರ, ಅರ್ಧ ಕಪ್ ಚಾಕ್ಕ ಏನಾಗ್ತದ?" ಎಂದರೆ ಮುಗಿಯಿತು. ಅರ್ಧ ಕಪ್ಪಿನ ಸಕ್ಕರೆ ಮೈಗೆ ಹತ್ತುವುದಿಲ್ಲ ಎಂಬುದು ಇವರ ಗಣಿತ.

ಒಂದು ದಿನ ಕಾಲಿನ ಕಿರುಬೆರಳಿನ ಸಣ್ಣ ಗಾಯ ಒಣಗದೆ ಕಪ್ಪಾಯಿತು. ಯಾದಗಿರಿಯ ಡಾಕ್ಟರಮ್ಮ ಇವರ ಪಾದದ ಮೇಲೆ ಬೆರಳಿಟ್ಟು ಬಹಳ ಹೊತ್ತು ನಾಡಿ ಹುಡುಕಿದರು.

"ನಡುವ ನಿಂದ್ರಲಾರದ ಎಷ್ಟ ದೂರ ನಡೀತೀರಿ?"

ಇವರು ಬಾಯಿ ತೆರೆಯುವುದರೊಳಗೆ ನಾನೇ ಹೇಳಿದೆ, "ಇವ್ರೆಲ್ಲಿ ನಡೀತಾರ್ರಿ? ಹೆಜ್ಜಿಗೊಬ್ಬ ಗೆಳ್ಯಾ ಸಿಗ್ತಾನ."

"ಗೆಳ್ಯಾರಲ್ಲ," ಇವರು ತಲೆ ತಗ್ಗಿಸಿದರು. "ನಡದ್ರ ಮೀನಖಂಡ ಹಿಂಡ್ತದ. ನಿಂತ್ರ ಕಡಿಮಿ ಆಗ್ತದ. ಸುಮ್ನ ನಿಂತ್ರ ಮಂದಿ ಏನಂತಾರ? ಅದಕ್ಕ ಮಾತಾಡಸ್ತಿದ್ದೆ."

ವರ್ಷಗಟ್ಟಲೆ ಹತೋಟಿ ತಪ್ಪಿದ ಶುಗರ್ ರಕ್ತನಾಳದ ಒಳಗೋಡೆ ಕೆಡಿಸುತ್ತದಂತೆ. ಅಲ್ಲಿ ಕೊಬ್ಬು ಕೂತು ದಾರಿ ಕಟ್ಟುತ್ತದಂತೆ.

"ಕಾಲಿನ ನಾಳ ಹಿಂಗಾದ್ರ ಎದಿ ನಾಳ ನೆಟ್ಟಗ ಇರ್ತಾವಂತ ನಂಬಬ್ಯಾಡ್ರಿ," ಎಂದರು ಡಾಕ್ಟರಮ್ಮ. "ತಡ ಮಾಡಿದ್ರ ಕಾಲು ಉಳಿಯಂಗಿಲ್ಲ."

ನನಗೆ ಹೆದರಿಕೆಯ ಜೊತೆಗೆ ಮೈಯೆಲ್ಲ ಉರಿಯಿತು. ನಿಜ ಹೇಳಿರೆಂದು ಊರ ಮಕ್ಕಳ ಕಿವಿ ಹಿಂಡಿದ ಮಾಸ್ತರರು, ಕಟ್ಟಿಕೊಂಡ ಹೆಂಡತಿಗೆ ಕಾಲು ನೋಯುತ್ತದೆಂದು ಹೇಳಲಿಲ್ಲ!

ಕಲಬುರಗಿಯಲ್ಲಿ ಬಲೂನು ಹಾಕಿ ನಾಳ ತೆರೆದರು. ಬೆರಳು ಹೋಯಿತು, ಕಾಲು ಉಳಿಯಿತು. ಎದೆಗೂ ಗುಳಿಗೆ ಶುರುವಾದವು.

ಈಗ ಇವರು ಚಹಾಕ್ಕೆ ದೂರದಿಂದಲೇ ಕೈಮುಗಿದು, ಬಜಾರದ ಈ ತುದಿಯಿಂದ ಆ ತುದಿಗೆ ನಿಲ್ಲದೆ ನಡೆಯುತ್ತಾರೆ. ಮೊನ್ನೆ ಟೇಲರ್ ಚಾಚಾ ನನ್ನನ್ನೇ ತಡೆದು ದೂರಿದರು. "ಮಾಸ್ತರಗ ಭಾಳ ಸೊಕ್ಕು ಬಂದದ್ರಿ ಭಾಭಿ. ನಮ್ಮ ಅಂಗಡಿ ಮುಂದ ನಿಂದ್ರಂಗೇ ಇಲ್ಲ."

ನನ್ನ ಕಣ್ಣು ತುಂಬಿದವು.

"ಬರ್ಲಿ ಬಿಡ್ರಿ ಚಾಚಾ," ಎಂದೆ. "ಆ ಸೊಕ್ಕು ಹಂಗೇ ಇರ್ಲಿ."